ಬೆಳಿಗ್ಗೆ ಹಾಡಿದ ಮೂರನೇ ಪದ್ಯ

ಫೆಬ್ರವರಿ 6, ಗುರುವಾರ

ಇವತ್ತು ಆಸ್ಪತ್ರೇಲಿ ಒಂಬತ್ತು ಪ್ಲಾಸ್ಟರ್. ಆರು ಕೈ, ಮೂರು ಕಾಲು. ನಾಲ್ಕೂವರೆಗೆ ಡ್ಯೂಟಿ ಮುಗಿಸಿ ಉಗುರು ಸಂದಿಯ ಬಿಳಿ ಪುಡಿ ತೊಳೆಯೋಕೂ ಟೈಮಿಲ್ಲದೆ ಬೇಕರಿಯವರ ಗೋಡೌನಿಗೆ ಓಡಿದರೆ ಅಲ್ಲೂ ಹಿಟ್ಟಿನ ಪುಡಿ. ನನ್ನ ಹಣೇಲಿ ಬರೆದಿರೋದೇ ಇಷ್ಟು.

ಬೆಳಿಗ್ಗೆ ಹೊಸ ಕಂಪೌಂಡರ್ ಕೇಳಿದ, “ಸಿಸ್ಟರ್, ಅದೇನದು ನಿಮ್ಮ ಹಡಗಿನ ಹಾಡು?” ಹೇಳಿದೆ — ಹಾಯಿ ಹಡಗಿನ ಕಾಲದಲ್ಲಿ ನಾವಿಕರು ಹಗ್ಗ ಎಳೆಯುವಾಗ ಹಾಡ್ತಿದ್ದದ್ದಪ್ಪ. ಒಬ್ಬ ಮುಂದಾಳು ಒಂದು ಸಾಲು ಎಸೆಯೋದು, ಉಳಿದವರು ‘ಎಳೆಯೋ ಎಳೆ’ ಅಂತ ಉತ್ತರ ಕೊಟ್ಟು ಎಳೆಯೋದು. “ನೀವು ಹಡಗಿನಲ್ಲಿ ಹೋಗಿದ್ರಾ?” ಅಂದ. ಎಲ್ಲಿಂದ ಹೋಗೋದು! ನಾವಿರೋದು ಐದು ಜನ. ಬೀಗ ರಿಪೇರಿ ಮಾಡೋ ನಮ್ಮಣ್ಣ, ಪ್ಲಾಸ್ಟರ್ ಹಾಕೋ ನಾನು, ಲೈಬ್ರರಿ ಮೇಡಂ, ರಿಟೈರ್ ಆದ ಲೆಕ್ಕದ ಮೇಷ್ಟ್ರು, ಬೇಕರಿಯವರು. ಬೇಕರಿಯವರಿಗಂತೂ ಬಸ್ಸಲ್ಲಿ ಕಿಟಕಿ ಸೀಟು ಸಿಗದಿದ್ದರೆ ವಾಂತಿ. ಗುಂಪಿನ ಹೆಸರು ಮಾತ್ರ ‘ಉಪ್ಪುನೀರು’.

ಅಣ್ಣ ಮುಂದಾಳು. ಬೇರೆ ಯಾರಿಗೂ ಆ ಗಂಟಲಿಲ್ಲ. ತೊಲೆಗೆ ರಾಟೆ, ರಾಟೆಗೆ ಹಗ್ಗ, ಹಗ್ಗದ ತುದಿಗೆ ಹಿಟ್ಟಿನ ಮೂಟೆ. ಒಂದೊಂದು ಉತ್ತರಕ್ಕೂ ಮೂಟೆ ಒಂದು ಮೊಳ ಮೇಲೆ ಹೋಗಬೇಕು. ಹೋದ ವಾರ ಮೇಷ್ಟ್ರು ಅಣ್ಣನ ಸಾಲಿನಲ್ಲಿ ಏನೋ ತಪ್ಪು ಹಿಡಿದು ಹಾಡು ನಿಲ್ಲಿಸಿದರು. ಎಲ್ಲರ ಕೈ ಸಡಿಲ. ಮೂಟೆ ದಬಕ್ಕಂತ ಬಿದ್ದು ಒಡೆದು, ಐದೂ ಜನ ದೆವ್ವಗಳ ಹಾಗೆ ಬೆಳ್ಳಗೆ. ಅಣ್ಣನಿಗೆ ಎಲ್ಲಿಲ್ಲದ ಕೋಪ. “ನಿಜವಾದ ಹಡಗಾಗಿದ್ದರೆ ಹಾಯಿ ಬಿದ್ದು ಯಾರದೋ ತಲೆ ಹೋಗಿರೋದು! ಮುಂದಾಳು ಏನೇ ಹಾಡಲಿ. ಮರೀಲಿ, ತೊದಲಲಿ, ನಿಮ್ಮಪ್ಪನ್ನ ಬೈಲಿ. ಉತ್ತರ ನಿಲ್ಲಬಾರದು.”

ಇವತ್ತು ಅದನ್ನೇ ರೂಲ್ ಮಾಡಿ ಗೋಡೆಗೆ ಅಂಟಿಸಿದ್ದಾನೆ. ಬೇಕೂಂತಲೇ ಅಡ್ಡಾದಿಡ್ಡಿ ಸಾಲು ಎಸೆದು ನಮ್ಮನ್ನ ಪರೀಕ್ಷೆ ಮಾಡಿದ. “ಮೇಷ್ಟ್ರ ಮೂಗಿನ ಮೇಲೆ ಮೀನು!” — ಎಳೆಯೋ ಎಳೆ! “ಪುಟ್ಟಿ ಹಾಕಿದ ಪ್ಲಾಸ್ಟರು ಸೊಟ್ಟ!” — ಎಳೆಯೋ ಎಳೆ! ಐವತ್ತಾರು ವರ್ಷಕ್ಕೂ ನಾನು ಅವನಿಗೆ ಪುಟ್ಟಿಯೇ. ಯಾರೂ ನಿಲ್ಲಿಸಲಿಲ್ಲ. ಮೂಟೆ ತೊಲೆ ಮುಟ್ಟಿತು.

ಫೆಬ್ರವರಿ 13, ಗುರುವಾರ

ಭಾನುವಾರ ಲೈಬ್ರರಿ ಹಾಲಿನಲ್ಲಿ ನಮ್ಮ ಮೊದಲ ಪ್ರೋಗ್ರಾಂ. ಅಣ್ಣ ಈಗಲೇ ನೆಲದ ಮೇಲಿಲ್ಲ. ಅತ್ತಿಗೆ ಮುಖ ಗಂಟು. “ಅರವತ್ತೆರಡು ವರ್ಷದ ಗಂಡಸು ಎಳೆಯೋ ಎಳೆ ಅಂತ ಊರ ಮುಂದೆ ಕಿರುಚೋದಂತೆ. ನೀನಾದರೂ ಬುದ್ಧಿ ಹೇಳಬಾರದೇನೇ?” ಬುದ್ಧಿ ಹೇಳೋಳು ಅವನ ಪಕ್ಕದಲ್ಲೇ ನಿಂತು ಕಿರುಚೋಳು. ಸುಮ್ಮನೆ ಕಾಫಿ ಕುಡಿದು ಬಂದೆ.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ 1

ಗೋಡೌನಿನಲ್ಲಿ ಮೂಟೆ ಮೇಲೆ ಕೂತು ಬರೀತಿದ್ದೀನಿ. ಪ್ರೋಗ್ರಾಂ ನಾಲ್ಕಕ್ಕೆ. ಹತ್ತೂವರೆಗೆ ಕೊನೇ ಪ್ರಾಕ್ಟೀಸ್ ಆಯ್ತು. ನಕ್ಕು ನಕ್ಕು ಹೊಟ್ಟೆ ಇನ್ನೂ ನೋಯ್ತಿದೆ.

ಕ್ಯಾಪ್ಟನ್ ಹೆಂಡ್ತಿ ಹಾಡು. ಮೊದಲೆರಡು ಪದ್ಯ ಸರಿಯಾಗೇ ಹೋಯ್ತು. “ಕ್ಯಾಪ್ಟನ್ ಹೆಂಡ್ತಿ ಟೋಪಿ ಹೊಲಿದಳು, ತಲೆಗೆ ದೊಡ್ಡದು ಹಾಯಿಗೆ ಚಿಕ್ಕದು.” ಮೂರನೇದಕ್ಕೆ ಅಣ್ಣನಿಗೆ ಏನು ಹುಚ್ಚು ಹಿಡೀತೋ! “ಟೋಪಿ ಬಾಗಿಲು… ಬಾಗಿಲು ಹೊಲಿದಳು… ನೀರಿನ ಬಾಗಿಲು ಬಾಗಿಲ ಬಾಗಿಲು…” ತಲೆಯಿಲ್ಲ ಬುಡವಿಲ್ಲ. ಪರೀಕ್ಷೆ ಮಾಡ್ತಿದಾನೆ ಅಂತ ಎಲ್ಲರಿಗೂ ಗೊತ್ತು. ಬಿಡ್ತೀವಾ! ಅವನು ಬಾಗಿಲು ಅಂದಷ್ಟೂ ನಾವು ಜೋರಾಗಿ ಎಳೆಯೋ ಎಳೆ. ಎಲ್ಲರಿಗಿಂತ ಜೋರು ನಾನು. ಅದೂ ಒಂದೇ ಕೈಯಲ್ಲಿ ಎಳೆದ ಮಹಾರಾಯ, ಗತ್ತು ನೋಡಿ. ಮೇಡಂ ವಿಡಿಯೋ ಮಾಡಿದಾರೆ.

ಈಗ ಮೂಲೆಯಲ್ಲಿ ಮಲಗಿದ್ದಾನೆ. ಮಾತಿಲ್ಲ ಕತೆಯಿಲ್ಲ. ಹೋದ ವಾರವೇ ಹೇಳಿದ್ದ, ಹಾಡೋ ದಿನ ಗಂಟಲು ಉಳಿಸಬೇಕಂತೆ, ಪ್ರಾಕ್ಟೀಸ್ ಆದ ಮೇಲೆ ಪ್ರೋಗ್ರಾಂ ತನಕ ಮೌನವ್ರತ. ಊಟಕ್ಕೆ ಕರೆದೆ, ತಲೆ ಆಡಿಸಿದ. ನಾವು ನಾಲ್ವರೇ ಹೋಗಿ ಉಂಡು ಈಗ ಬಂದ್ವಿ. ದೊಡ್ಡ ಕಲಾವಿದ!

ಬಿಳಿ ಸೀರೆ ಉಡಲೋ ನೀಲಿ ಉಡಲೋ.

ಫೆಬ್ರವರಿ 18, ಮಂಗಳವಾರ

ಐಸಿಯು ಹೊರಗಿನ ಬೆಂಚು. ನಮ್ಮದೇ ಆಸ್ಪತ್ರೆ, ಎರಡು ಮಹಡಿ ಮೇಲೆ. ಇಪ್ಪತ್ತೆಂಟು ವರ್ಷದಲ್ಲಿ ಈ ಬೆಂಚಿನ ಮೇಲೆ ಒಂದು ದಿನವೂ ಕೂತಿರಲಿಲ್ಲ.

ಬರೆದರೆ ತಲೆ ನಿಲ್ಲುತ್ತೇನೋ. ಗೋಡೌನು ಕೊಟ್ಟವರು ಅಂತ ಮೊದಲ ಹಾಡಿಗೆ ಮಾತ್ರ ಬೇಕರಿಯವರು ಮುಂದಾಳು. ಎರಡನೇದು ಅಣ್ಣನದು. ಮುಂದೆ ಬಂದ, ಬಾಯಿ ತೆರೆದ, ಹಾಗೇ ಬಲಕ್ಕೆ ವಾಲಿ ಬಿದ್ದ. ಬಿದ್ದ ಮೇಲೂ ನಾವು ಒಂದು ಸಲ ಎಳೆಯೋ ಎಳೆ ಅಂದೆವು. ಜನ ಚಪ್ಪಾಳೆ ತಟ್ಟಿದರು.

ಆಂಬ್ಯುಲೆನ್ಸ್, ಸ್ಕ್ಯಾನು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಡಾಕ್ಟರ್ ಓಡಿ ಬಂದರು. “ಶುರುವಾಗಿ ನಾಲ್ಕೂವರೆ ಗಂಟೆಯೊಳಗಾದರೆ ಕರಗಿಸೋ ಇಂಜೆಕ್ಷನ್ ಕೊಡಬಹುದು. ಅದು ದಾಟಿದ್ದರೆ ಒಳಗೆ ರಕ್ತಸ್ರಾವ ಆಗೋ ಅಪಾಯ ಜಾಸ್ತಿ. ಎಷ್ಟು ಗಂಟೆಗೆ ಶುರುವಾಯ್ತು?”

“ನಾಲ್ಕು ಇಪ್ಪತ್ತು. ನನ್ನ ಕಣ್ಣೆದುರೇ,” ಅಂದೆ.

“ಅದಕ್ಕೆ ಮುಂಚೆ ಸರಿಯಾಗಿದ್ದರಾ?”

“ಬೆಳಿಗ್ಗೆಯಿಂದ ಜೊತೇಲೇ ಇದ್ದೀನಿ ಡಾಕ್ಟ್ರೇ. ಚೆನ್ನಾಗಿದ್ದ.”

“ಸಿಸ್ಟರ್ ಹೇಳ್ತಿದಾರಲ್ಲ, ಬರ್ಕೊಳ್ಳಿ,” ಅಂದರು ಪಕ್ಕದವರಿಗೆ. ಐದೂವರೆಗೆ ಇಂಜೆಕ್ಷನ್. ಅತ್ತಿಗೆ ನನ್ನ ಕೈ ಹಿಡಿದುಕೊಂಡು, “ನೀನಿದ್ದಿದ್ದಕ್ಕೆ ಆಯ್ತು ಕಣೇ,” ಅಂದರು.

ಎಂಟು ಗಂಟೆಗೆ ರಕ್ತಸ್ರಾವ.

ಫೆಬ್ರವರಿ 20, ಗುರುವಾರ

ಹಾಗೇ ಇದ್ದಾನೆ. ಬೇಕರಿಯವರು ಬಂದು ಬನ್ನು ಕೊಟ್ಟು ಹೋದರು. ನರ್ಸುಗಳೆಲ್ಲ ಬಂದು ಬೆನ್ನು ಸವರಿ ಹೋಗ್ತಾರೆ. ನೂರು ಜನರ ಮನೆಯವರಿಗೆ ‘ಧೈರ್ಯ ತಗೊಳ್ಳಿ’ ಅಂದಿದ್ದೀನಿ. ಎಂಥ ಕೆಲಸಕ್ಕೆ ಬಾರದ ಮಾತು ಅದು. ಎಲ್ಲಿಂದ ತಗೊಳ್ಳೋದು?

ಮಾರ್ಚ್ 4, ಮಂಗಳವಾರ

ಬದುಕಿದ. ವಾರ್ಡಿಗೆ ಹಾಕಿದ್ದಾರೆ. ಬಲಗೈ ಬಲಗಾಲಿನ ಸ್ವಾಧೀನ ಇಲ್ಲ. ಮಾತೂ ಇಲ್ಲ — ಒಂದೇ ಒಂದು ಬಿಟ್ಟು. ನಿನ್ನೆ ಕಣ್ಣು ಬಿಟ್ಟು ಅತ್ತಿಗೇನ ನೋಡಿ, “ಬಾಗಿಲು,” ಅಂದ.

ಅತ್ತಿಗೆ ಎದ್ದು ಬಾಗಿಲು ಹಾಕಿದರು. “ಬಾಗಿಲು.” ತೆಗೆದರು. “ಬಾಗಿಲು.” ಅರ್ಧ ತೆಗೆದಿಟ್ಟರು. ಪಕ್ಕದ ಬೆಡ್ಡಿನವರಿಗೆ ನಗು. ನೀರು ಬೇಕಾ? ಬಾಗಿಲು. ನೋವಾ? ಬಾಗಿಲು. ಅಳ್ತಾ ಅಳ್ತಾ ಬಾಗಿಲು.

ಹೀಗಾಗುತ್ತೆ ಅಂತ ನನಗೆ ಗೊತ್ತು. ಒಂದೇ ಪದ ಉಳಿದುಬಿಡುತ್ತೆ ಕೆಲವರಿಗೆ. ತಲೆಯೊಳಗೆ ಎಲ್ಲ ಇರುತ್ತೆ, ನಾವು ಅಂದದ್ದು ಅರ್ಥವೂ ಆಗುತ್ತೆ, ಬಾಯಿಗೆ ಅದೊಂದೇ ಬರುತ್ತೆ. ಬೀಗದವನಲ್ವಾ, ಬಾಗಿಲು ಉಳೀತು ಅಂದ್ಕೊಂಡೆ.

ಮಾರ್ಚ್ 13, ಗುರುವಾರ

ಮನೆಗೆ ಕರೆತಂದೆವು. ಮುಂದಿನ ಕೋಣೇಲಿ ಮಂಚ. ಅವರಿಬ್ಬರೇ ಇರೋ ಮನೆ. ನಾನು ಎರಡು ಮನೆ ಆಚೆ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ನಾನು ಹೋಗೋದು, ಇಬ್ಬರೂ ಸೇರಿ ಮಗ್ಗುಲು ಬದಲಿಸಿ, ಬಟ್ಟೆ ಬದಲಿಸೋದು. ಮಧ್ಯೆ ಅತ್ತಿಗೆ ಒಬ್ಬರೇ ದಿಂಬು ಒತ್ತಿ ಹೇಗೋ ಸಂಭಾಳಿಸ್ತಾರೆ. ಎಂಬತ್ತು ಕಿಲೋ ಆಳು. ಅತ್ತಿಗೆ ಭುಜದ ಕಡೆ, ನಾನು ಸೊಂಟದ ಕಡೆ. ಒಂದು, ಎರಡು, ಮೂರು. ಎತ್ತುವಾಗ ಅತ್ತಿಗೆ ಅಂದರು, “ನೀನು ಟೈಮಿಗೆ ಸರಿಯಾಗಿ ಹೇಳಿದ್ದಕ್ಕೆ ಜೀವವಾದರೂ ಉಳೀತು ಅಂತ ಎಲ್ಲರಿಗೂ ಹೇಳ್ತಿದ್ದೀನಿ ಕಣೇ.”

ಮಾರ್ಚ್ 15, ಶನಿವಾರ, ಬೆಳಿಗ್ಗೆ 11

ಲೈಬ್ರರಿ ಮೇಡಂ ವಿಡಿಯೋ ಕಳಿಸಿದರು. “ಅವರ ಕೊನೇ ಪ್ರಾಕ್ಟೀಸು. ಇಟ್ಕೊಳ್ಳಿ, ಸಮಾಧಾನವಾಗುತ್ತೆ.”

ನಾಲ್ಕು ನಿಮಿಷದ್ದು. ಮೂರನೇ ಪದ್ಯ. ಟೋಪಿ ಬಾಗಿಲು. ಬಾಗಿಲು ಹೊಲಿದಳು.

ಬಾಗಿಲು.

ಮತ್ತೆ ನೋಡಿದೆ. ಬಲಗೈ ಹಗ್ಗದಿಂದ ಜಾರುತ್ತೆ. ಬಾಯಿಯ ಬಲತುದಿ ಕೆಳಗೆ. ಅವನು ನಮ್ಮ ಕಡೆ ತಿರುಗ್ತಾನೆ. ನಗ್ತಿಲ್ಲ. ಅವನು ನಗ್ತಾನೇ ಇಲ್ಲ. ಹೆದರಿದಾನೆ. ಏನೋ ಹೇಳೋಕೆ ನೋಡ್ತಿದಾನೆ, ಬಾಗಿಲು ಬರ್ತಿದೆ. ನಾವು ಐದಡಿ ದೂರದಲ್ಲಿ ನಿಂತು ಎಳೆಯೋ ಎಳೆ ಅಂತ ಕಿರುಚ್ತಿದ್ದೀವಿ. ನನ್ನ ಗಂಟಲೇ ಎಲ್ಲಕ್ಕಿಂತ ಮೇಲೆ.

ದಾರೀಲಿ ಹೋಗೋರಿಗೂ ಗೊತ್ತಿರೋ ಲಕ್ವದ ಲಕ್ಷಣ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು. ಆಸ್ಪತ್ರೆಯ ಕೆಳಗಿನ ಕಾರಿಡಾರಿನಲ್ಲಿ ಅದರ ಪೋಸ್ಟರ್ ಅಂಟಿಸಿದವಳು ನಾನೇ.

ವಿಡಿಯೋದ ಟೈಮು 10.52. ನಾನು ಹೇಳಿದ್ದು 4.20.



ಮಾರ್ಚ್ 15, ಮಧ್ಯಾಹ್ನ 3

ಈ ಡೈರಿಯನ್ನೇ ಹಿಂದಕ್ಕೆ ತಿರುವಿದೆ. ಫೆಬ್ರವರಿ 16. ನನ್ನದೇ ಅಕ್ಷರ. ‘ತಲೆಯಿಲ್ಲ ಬುಡವಿಲ್ಲ’. ‘ಗತ್ತು ನೋಡಿ’. ‘ದೊಡ್ಡ ಕಲಾವಿದ’. ಅವನು ಮೂಲೇಲಿ ಹಾಗೆ ಬಿದ್ದಿದ್ದಾಗ ನಾನು ಸೀರೆ ಬಣ್ಣ ಯೋಚಿಸ್ತಿದ್ದೆ.

ಪುಟ ಹರಿಯೋಕೆ ಹೋದೆ. ಆಗಲಿಲ್ಲ.

ಮಾರ್ಚ್ 19, ಬುಧವಾರ

ಡಾಕ್ಟರ ರೂಮಿನ ಮುಂದೆ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಒಳಗೆ ಹೋದೆ. ವಿಡಿಯೋ ತೋರಿಸಿದೆ. ಅವರು ಎರಡು ಸಲ ನೋಡಿದರು.

“ಇದು ಬಂದು ಪೂರ್ತಿ ಬಿಟ್ಟುಹೋಗಿ, ನಾಲ್ಕು ಗಂಟೆಗೆ ಹೊಸದಾಗಿ ಬಂದಿದ್ದರೆ ನೀವು ಹೇಳಿದ್ದು ಸರಿ ಸಿಸ್ಟರ್. ಎಷ್ಟೋ ಜನಕ್ಕೆ ಹಾಗಾಗುತ್ತೆ. ಮಧ್ಯೆ ಅವರು ಸರಿಯಾಗಿ ಮಾತಾಡಿದ್ರಾ?”

“ಗೊತ್ತಿಲ್ಲ. ಮೌನವ್ರತ ಅಂದ್ಕೊಂಡಿದ್ವಿ.”

“ಯಾರ ಜೊತೇನೂ ಮಾತಾಡಲಿಲ್ವಾ?”

“ಗೊತ್ತಿಲ್ಲ ಡಾಕ್ಟ್ರೇ.”

“ಬಿಟ್ಟುಹೋಗಿರಲಿಲ್ಲ ಅಂದರೆ… ಆ ಇಂಜೆಕ್ಷನ್ ನಾನು ಕೊಡ್ತಿರಲಿಲ್ಲ.” ಆಮೇಲೆ ನನ್ನ ಮುಖ ನೋಡಿ, “ಕೊಡದಿದ್ದರೂ ಚೆನ್ನಾಗಿರ್ತಿದ್ದರು ಅಂತೇನಿಲ್ಲ. ಟೈಮಲ್ಲಿ ಕೊಟ್ಟವರಿಗೂ ರಕ್ತಸ್ರಾವ ಆಗಿದೆ. ಫೈಲಿನಲ್ಲಿ ಸೇರಿಸ್ತೀನಿ. ಮನೆಯವರಿಗೆ ನಾನು ಹೇಳಲಾ, ನೀವು ಹೇಳ್ತೀರಾ?”

ನಾನೇ ಹೇಳ್ತೀನಿ ಅಂದೆ. ದೊಡ್ಡ ಧೈರ್ಯಸ್ಥೆ ಹಾಗೆ. ಸಂಜೆ ಹೋಗಿ ಮಗ್ಗುಲು ಬದಲಿಸಿ ಬಂದೆ. ಹೇಳಲಿಲ್ಲ.

ಮಾರ್ಚ್ 23, ಭಾನುವಾರ

ಅಣ್ಣನ ಫೋನು ನನ್ನ ಹತ್ತಿರ ಇದೆ. ಬೀಗ ಕೊಟ್ಟವರು ಫೋನ್ ಮಾಡ್ತಾರೆ, ನೀನೇ ಉತ್ತರ ಹೇಳು ಅಂತ ಅತ್ತಿಗೆ ಕೊಟ್ಟಿದ್ದರು. ಯಾರಿಗೋ ನಂಬರ್ ಹುಡುಕುವಾಗ ಹಳೇ ಕಾಲ್ ಲಿಸ್ಟ್ ಕಂಡಿತು.

ಫೆಬ್ರವರಿ 16. ಮಧ್ಯಾಹ್ನ 12.40. ‘ಮನೆ’. ಎರಡು ನಿಮಿಷ ಹನ್ನೊಂದು ಸೆಕೆಂಡು. ನಾವು ಊಟಕ್ಕೆ ಹೋಗಿದ್ದ ಹೊತ್ತು.

ಮಾತಾಡಿದಾನೆ! ಎರಡು ನಿಮಿಷ! ಎರಡು ನಿಮಿಷ ಹೆಂಡತಿ ಹತ್ತಿರ ಮಾತಾಡಿದಾನೆ ಅಂದರೆ ಮಧ್ಯೆ ಸರಿಹೋಗಿತ್ತು ಅಂತ ತಾನೇ? ಹನ್ನೆರಡು ನಲವತ್ತಕ್ಕೆ ಸರಿಯಿದ್ದ ಅಂದರೆ ನಾಲ್ಕೂವರೆ ಗಂಟೆ ಮುಗಿಯೋದು ಐದು ಹತ್ತಕ್ಕೆ. ಇಂಜೆಕ್ಷನ್ ಐದೂವರೆಗೆ. ಇಪ್ಪತ್ತು ನಿಮಿಷ… ಇಲ್ಲ ಇಲ್ಲ. ಸರಿಹೋಗಿದ್ದರೆ ಲೆಕ್ಕ ಹೊಸದಾಗಿ ಶುರುವಾಗೋದು ನಾಲ್ಕು ಇಪ್ಪತ್ತಕ್ಕೇ. ಮೇಷ್ಟ್ರಿಗೆ ಕೊಡಬೇಕು ಈ ಲೆಕ್ಕ.

ಅತ್ತಿಗೇನ ಒಂದು ಮಾತು ಕೇಳಿದರೆ ಮುಗೀತು. ‘ಅವತ್ತು ಫೋನಿನಲ್ಲಿ ಚೆನ್ನಾಗಿ ಮಾತಾಡಿದನಾ?’ ಕೇಳಿದರೆ ಯಾಕೆ ಅಂತಾರೆ. ಯಾಕೆ ಅಂತ ಹೇಳಿದರೆ…

ಒಂದು ವಿಷಯ ಮಾತ್ರ ಕುಟುಕ್ತಿದೆ. ಐದು ವಾರದಲ್ಲಿ ಆ ಫೋನಿನ ವಿಷಯ ಅತ್ತಿಗೆ ಒಂದು ಸಲವೂ ಎತ್ತಿಲ್ಲ. ಗಂಡ ಆಡಿದ ಕೊನೇ ಮಾತು. ಬೇರೆ ಯಾರಾದರೂ ಆಗಿದ್ದರೆ ಸಾವಿರ ಸಲ ಹೇಳ್ತಿದ್ದರು.

ಮಾರ್ಚ್ 27, ಗುರುವಾರ

ಮೇಷ್ಟ್ರು ಬಂದಿದ್ದರು ಅಣ್ಣನ್ನ ನೋಡೋಕೆ. ಪ್ರಾಕ್ಟೀಸ್ ಮತ್ತೆ ಶುರು ಮಾಡೋಣವಾ ಅಂದರು. ಬೈದು ಕಳಿಸಿದೆ. ಪಾಪ, ಅವರಿಗೇನು ಗೊತ್ತು. ಹೋಗುವಾಗ ಅಣ್ಣನ ಕೈ ಹಿಡಿದು, “ಉತ್ತರ ನಿಲ್ಲಿಸಿದ್ದಕ್ಕೆ ಕ್ಷಮಿಸು ಮಾರಾಯ, ಆ ಮೂಟೆ ಒಡೆದದ್ದಕ್ಕೆ,” ಅಂದರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ನಮ್ಮಲ್ಲಿ ನಿಲ್ಲಿಸೋ ಬುದ್ಧಿ ಇದ್ದದ್ದು ಅವರೊಬ್ಬರಿಗೇ. ಅದನ್ನೂ ಬೈದು ಬಿಡಿಸಿದ್ವಿ.

ಮಾರ್ಚ್ 30, ಭಾನುವಾರ, ಮಧ್ಯಾಹ್ನ 2

ಹೇಳಿದೆ.

ಹಿತ್ತಲಲ್ಲಿ ಬೆಡ್‌ಶೀಟ್ ಒಣಹಾಕ್ತಿದ್ವಿ. ಆ ತುದಿ ಅವರು, ಈ ತುದಿ ನಾನು. ಮಧ್ಯೆ ಶೀಟು ಅಡ್ಡ ಇತ್ತು, ಮುಖ ಕಾಣ್ತಿರಲಿಲ್ಲ. ಅದಕ್ಕೇ ಬಾಯಿ ಬಂತೇನೋ. ಎಲ್ಲ ಹೇಳಿದೆ. ಮೂರನೇ ಪದ್ಯ, ವಿಡಿಯೋ, ನಾಲ್ಕು ಇಪ್ಪತ್ತು ಅಂದದ್ದು, ಡಾಕ್ಟರ್ ಅಂದದ್ದು. ಅಳಲಿಲ್ಲ ನಾನು. ವಾರ್ಡಿನಲ್ಲಿ ರಿಪೋರ್ಟ್ ಕೊಟ್ಟ ಹಾಗೆ ಕೊಟ್ಟೆ.

ಕೊನೆಗೆ ಕೇಳಿದೆ, “ಅತ್ತಿಗೆ, ಹನ್ನೆರಡು ನಲವತ್ತಕ್ಕೆ ಫೋನ್ ಮಾಡಿದ್ದನಲ್ಲ, ಸರಿಯಾಗಿ ಮಾತಾಡಿದನಾ? ಅಷ್ಟು ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಶೀಟಿನ ಆ ಕಡೆ ಕ್ಲಿಪ್ ಹಾಕೋ ಸದ್ದು ನಿಂತಿತು.

“ಬಾಗಿಲು ಅಂದರು,” ಅಂದರು ಅತ್ತಿಗೆ.

ಕೈಯಲ್ಲಿದ್ದ ಕ್ಲಿಪ್ ಶೀಟಿಗೆ ಸಿಕ್ಕಿಸಿದೆ.

“ಬಾಗಿಲು ಬಾಗಿಲು ಅಂತಾನೇ ಇದ್ದರು. ರಾಗವಾಗಿ. ಹಾಡ್ತಿದಾರೆ ಅಂದ್ಕೊಂಡೆ. ಪಕ್ಕದಲ್ಲಿ ನೀವೆಲ್ಲ ನಿಂತು ನಗ್ತಿದೀರ, ನನ್ನ ಆಟ ಆಡಿಸ್ತಿದೀರ ಅಂದ್ಕೊಂಡೆ. ಅವತ್ತು ಬೆಳಿಗ್ಗೆ ಜಗಳ ಆಗಿತ್ತು. ಪ್ರೋಗ್ರಾಮಿಗೆ ಬರಲ್ಲ ಅಂದಿದ್ದೆ. ಬಾಯಿಗೆ ಬಂದ ಹಾಗೆ ಬೈದೆ. ಎರಡು ನಿಮಿಷ ಪೂರ್ತಿ ನಾನೇ ಮಾತಾಡಿದ್ದು. ನಾಚಿಕೆ ಆಗಲ್ವಾ ಅಂದೆ. ಹಾಳಾಗಿ ಹೋಗಿ, ಮನೆಗೆ ಬರಬೇಡಿ ಅಂದೆ. ಇಟ್ಟುಬಿಟ್ಟೆ.”

ಕ್ಲಿಪ್ಪಿನ ಡಬ್ಬಿ ನೆಲದ ಮೇಲಿಟ್ಟು ಒಳಗೆ ಹೋದರು. ಮಿಕ್ಕ ಬಟ್ಟೆ ನಾನೇ ಹಾಕಿದೆ.

ಹಾಗಾದರೆ ಬಿಟ್ಟುಹೋಗಿರಲಿಲ್ಲ. ಹತ್ತು ಐವತ್ತೆರಡರಿಂದ ಹಾಗೇ ಇತ್ತು. ನಮ್ಮ ಹತ್ತಿರ ಹೇಳೋಕೆ ನೋಡಿದ, ನಾವು ಉತ್ತರ ಹಾಡಿದ್ವಿ. ಹೆಂಡತಿ ಹತ್ತಿರ ಹೇಳೋಕೆ ನೋಡಿದ. ಆಮೇಲೆ ಮೂರು ಗಂಟೆ ಹೊತ್ತು ಮೂಟೆ ಮೇಲೆ ಮಲಗಿ ಸುಮ್ಮನಾದ. ಪ್ರೋಗ್ರಾಂ ಅಂತ ಎಬ್ಬಿಸಿದಾಗ ಎದ್ದು ಬಂದ. ಯಾಕೆ ಬಂದ? ಯಾಕಣ್ಣ ಬಂದೆ? ಎಡಗೈಲಿ ನನ್ನ ಸೆರಗು ಎಳೆದಿದ್ದರೂ ಸಾಕಿತ್ತಲ್ಲ…

ಎಳೆದಿದ್ದನೇನೋ. ನನಗೆ ನೆನಪಿಲ್ಲ.

ಏಪ್ರಿಲ್ 3, ಗುರುವಾರ

ಅತ್ತಿಗೆ ಮಾತಾಡ್ತಿಲ್ಲ. ಆರಕ್ಕೆ ಹೋದರೆ ಕದ ತೆಗೆದಿರುತ್ತೆ. ಐದಕ್ಕೆ ಹೋದರೂ ತೆಗೆದಿರುತ್ತೆ. ಕಾಫಿ ಮಾಡಿ ಮೇಜಿನ ಮೇಲಿಟ್ಟಿರುತ್ತಾರೆ. ಕುಡಿದು ಲೋಟ ತೊಳೆದಿಡ್ತೀನಿ. ನನ್ನ ಮೇಲೆ ಕೋಪವೋ ತಮ್ಮ ಮೇಲೋ. ಬೈದಿದ್ದರೆ ಚೆನ್ನಾಗಿತ್ತು. ಬೈಯೋದನ್ನೇ ಬಿಟ್ಟುಬಿಟ್ಟಿದ್ದಾರೆ. ಹಾಲಿನವನಿಗೂ ಬೈತಿಲ್ಲ.

ಅಣ್ಣ ಒಬ್ಬರಾದ ಮೇಲೆ ಒಬ್ಬರನ್ನ ನೋಡ್ತಾನೆ. ಬಾಗಿಲು ಅಂತಾನೆ.

ಏಪ್ರಿಲ್ 6, ಭಾನುವಾರ

ಎತ್ತುವಾಗ ಈಗ ಎಣಿಸೋದಿಲ್ಲ. ಒಂದು ಎರಡು ಮೂರು ಅನ್ನೋಕೂ ಒಬ್ಬರಿಗೊಬ್ಬರು ಮಾತಾಡಬೇಕಲ್ಲ. ಅವರ ಭುಜ ನೋಡಿಕೊಂಡು ನಾನು ಎತ್ತುತ್ತೀನಿ. ಒಂದು ದಿನವೂ ತಪ್ಪಿಲ್ಲ. ಅಣ್ಣನ ಬೆನ್ನಿನಲ್ಲಿ ಒಂದು ಹುಣ್ಣೂ ಆಗಿಲ್ಲ. ವಾರ್ಡಿನಲ್ಲೂ ಇಷ್ಟು ಚೆನ್ನಾಗಿ ನೋಡ್ಕೊಳ್ಳಲ್ಲ. ಇದರಿಂದ ಏನಾಗುತ್ತೆ ಅಂತ ಕೇಳಿದರೆ ಏನೂ ಆಗಲ್ಲ. ಹುಣ್ಣಾಗಲ್ಲ, ಅಷ್ಟೇ.

ಏಪ್ರಿಲ್ 9, ಬುಧವಾರ, ಸಂಜೆ 4.40

ನಿನ್ನೆ ಮಾತಾಡಿದರು. ಇವತ್ತು ರಜೆ ಹಾಕಿ ಮನೇಲೇ ಕೂತಿದ್ದೀನಿ.

ಮಗ್ಗುಲು ಬದಲಿಸಿ ಆಗಿತ್ತು. ಚಪ್ಪಲಿ ಹಾಕ್ಕೊಳ್ತಿದ್ದೆ. ಮೆಟ್ಟಿಲ ತನಕ ಬಂದು, ಅಣ್ಣನಿಗೆ ಕೇಳಿಸದ ಹಾಗೆ, “ಒಂದು ಕೇಳ್ತೀನಿ. ನೀನು ನರ್ಸು, ನಿನಗೆ ಗೊತ್ತಿರುತ್ತೆ,” ಅಂದರು. ಹತ್ತು ದಿನ ಆಡದೆ ಇದ್ದ ಗಂಟಲು, ಒಡೆದ ಹಾಗಿತ್ತು. “ಆ ಎರಡು ನಿಮಿಷ ಅವರ ಬಾಯಿ ಹೋಗಿತ್ತು, ಸರಿ. ಕಿವಿ? ನಾನು ಅಂದದ್ದು ಅವರಿಗೆ ಅರ್ಥವಾಗಿರುತ್ತಾ?”

ನನಗೆ ಗೊತ್ತು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಷ್ಟು ಚೆನ್ನಾಗಿ ಗೊತ್ತಿರೋ ಉತ್ತರ ಬೇರೆ ಇಲ್ಲ. ಒಂದೊಂದು ಮಾತೂ ಅರ್ಥವಾಗಿದೆ. ಈಗಲೂ ಆಗ್ತಿದೆ. ನಿನ್ನೆ ನಾವು ಪಿಸುಗುಟ್ಟುವಾಗ ಅವನು ಕುತ್ತಿಗೆ ತಿರುಗಿಸಿ ಮೆಟ್ಟಿಲ ಕಡೆಗೇ ನೋಡ್ತಿದ್ದ.

“ನಾಳೆ ಹೇಳ್ತೀನಿ ಅತ್ತಿಗೆ,” ಅಂದು ಬಂದುಬಿಟ್ಟೆ. ನಾಳೆ ಅಂದರೆ ಇವತ್ತು. ಇನ್ನು ಇಪ್ಪತ್ತು ನಿಮಿಷ.

ಅರ್ಥವಾಗಿರಲ್ಲ ಅಂದರೆ ನಂಬ್ತಾರೆ. ಸಿಸ್ಟರ್ ಹೇಳ್ತಿದಾಳಲ್ಲ. ಡಾಕ್ಟರೂ ಹಾಗೇ ನಂಬಿದ್ದು. ಅವತ್ತು ಗೊತ್ತಿಲ್ಲದೆ ತಪ್ಪು ಹೇಳಿದೆ. ಇವತ್ತು ಗೊತ್ತಿದ್ದೂ ಹೇಳಬೇಕು. ನಿಜ ಹೇಳಿದರೆ ಆ ಹೆಂಗಸು ಇನ್ನು ಬದುಕಿರೋ ತನಕ ಅವನ ಕಣ್ಣು ನೋಡಿ ಬಾಯಿಗೆ ತುತ್ತು ಇಡೋಕಾಗಲ್ಲ. ಸುಳ್ಳು ಹೇಳಿದರೆ, ಅವನು ಅಲ್ಲೇ ಮಲಗಿ ಕೇಳಿಸ್ಕೊಳ್ತಾನೆ. ನಾನು ಸುಳ್ಳು ಹೇಳೋದು ಅವನಿಗೆ ಅರ್ಥವಾಗುತ್ತೆ. ‘ಅಲ್ಲ ಕಣೇ, ನನಗೆ ಎಲ್ಲ ಕೇಳಿಸ್ತು’ ಅನ್ನೋಕೆ ಅವನ ಹತ್ತಿರ ಇರೋದು ಒಂದೇ ಪದ.

ಮೊದಲು ಅವನನ್ನೇ ಕೇಳಿದರೆ? ಅತ್ತಿಗೆ ಒಳಗಿದ್ದಾಗ. ಎಡಗೈ ಹಿಡಿದು. ಹೂಂ ಅಂದರೆ ಒಂದು ಸಲ ಒತ್ತು, ಇಲ್ಲ ಅಂದರೆ ಎರಡು ಸಲ. ಹೇಳಲಾ ಬೇಡವಾ ಅಣ್ಣ ಅಂತ. ಎರಡು ತಿಂಗಳಾಗ್ತಾ ಬಂತು, ಇದು ಹೊಳೆಯಲೇ ಇಲ್ಲ ನನಗೆ. ಅವನನ್ನ ಒಂದೂ ಕೇಳೇ ಇಲ್ಲ ನಾವು ಇಷ್ಟು ದಿನ. ನೀರು ಬೇಕಾ, ನೋವಾ, ಅಷ್ಟೇ.

ನಮ್ಮ ಗೇಟಿನ ಸದ್ದು. ಅತ್ತಿಗೆಯೇ ಬರ್ತಿದಾರೆ. ಅವನನ್ನ ಒಬ್ಬನೇ ಬಿಟ್ಟು ಬರಲ್ಲ ಅವರು ಯಾವತ್ತೂ. ಓಡಿ ಬರ್ತಿದಾರೆ, ಕಾಲಲ್ಲಿ ಚಪ್ಪಲಿಯೂ ಇ—